ನುಂಗಿದ ಕೋಶದಲ್ಲೇ ನೆಲೆಸುವ ರೋಗಗಳು

ಸವದತ್ತಿಯಿಂದ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಭಕ್ತರು ಜೋಗುಳಬಾವಿಯಲ್ಲಿ ಮಿಂದು ಮುಂದೆ ಸಾಗುತ್ತಾರೆ. ಜಮದಗ್ನಿಯ ಶಾಪದಿಂದ ರೇಣುಕೆಗೆ ಕುಷ್ಠ ಬಂತು, ಮನೆ ಬಿಟ್ಟು ಅಲೆದ ಆಕೆಗೆ ಎಕ್ಕಯ್ಯ, ಜೋಗಯ್ಯ ಎಂಬ ಸಂತರು ಆಶ್ರಯ ಕೊಟ್ಟರು, ಇಲ್ಲಿನ ನೀರಲ್ಲಿ ಮಿಂದ ಮೇಲೆ ಮೈ ಮೊದಲಿನಂತಾಯಿತು ಎಂಬುದು ಈ ಸೀಮೆಯ ಮನೆಮನೆಯ ಕಥೆ. ಚರ್ಮರೋಗ ವಾಸಿಯಾಗಲೆಂದು ಹರಕೆ ಹೊತ್ತು ಬರುವವರು ಇಂದಿಗೂ ಇದ್ದಾರೆ. ಈ ಕಥೆ ಕೇಳಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಆ ಇಬ್ಬರು ಸಂತರ ಮೇಲೆ. ಗಂಡನೇ ಹೊರಗೆ ಹಾಕಿದ ರೋಗಿಯನ್ನು ಅವರು ಹತ್ತಿರಕ್ಕೆ ಕರೆದುಕೊಂಡರು. ಕುಷ್ಠ ಎಂದರೆ ಊರು ಬಿಡಿಸುತ್ತಿದ್ದ ನಾಡಿನಲ್ಲಿ ಹುಟ್ಟಿದ ಕಥೆ ಇದು ಎಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ.

ಕುಷ್ಠದ ಬ್ಯಾಕ್ಟೀರಿಯಾ ಮೈಯೊಳಗೆ ಹೊಕ್ಕ ಮೇಲೆ ಎಲ್ಲಿ ಇರುತ್ತದೆ? ನರಗಳ ಹೊದಿಕೆಯ ಕೋಶಗಳಲ್ಲಿ ಮತ್ತು ಮ್ಯಾಕ್ರೊಫೇಜ್ ಎಂಬ ಕೋಶಗಳಲ್ಲಿ. ಕ್ಷಯದ ಬ್ಯಾಕ್ಟೀರಿಯಾ ನೆಲೆಸುವುದೂ ಮ್ಯಾಕ್ರೊಫೇಜ್‌ನಲ್ಲಿಯೇ. ಎಮ್ಮೆ, ಆಡುಗಳು ಕಂದು ಹಾಕುವಂತೆ ಮಾಡಿ, ಅವುಗಳ ಹಾಲು ಕುಡಿದ ಮನುಷ್ಯನನ್ನು ತಿಂಗಳುಗಟ್ಟಲೆ ಜ್ವರದಲ್ಲಿ ಕೆಡಹುವ ಬ್ರುಸೆಲ್ಲಾ ಕೂಡ ಅಲ್ಲಿಯೇ ಬೀಡು ಬಿಡುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ದನಕರು, ಕುರಿಹಿಂಡಿನ ಊರುಗಳಲ್ಲಿ 'ಜ್ವರ ಬಿಡವಲ್ದು' ಎಂದು ದವಾಖಾನೆಯಿಂದ ದವಾಖಾನೆಗೆ ಅಲೆಯುವವರ ಕಷ್ಟ ಅರ್ಥವಾಗಬೇಕಾದರೆ ಈ ಒಂದು ಕೋಶವನ್ನು ಅರಿಯಬೇಕು. ಗುಳಿಗೆಗಳನ್ನು ಏಕೆ ಅಷ್ಟು ದಿನ ನುಂಗಬೇಕು ಎಂಬ ರೋಗಿಯ ಪ್ರಶ್ನೆಗೂ ಉತ್ತರ ಅಲ್ಲಿದೆ.

1882ರ ಚಳಿಗಾಲದಲ್ಲಿ ಇಟಲಿಯ ಮೆಸ್ಸಿನಾದ ಕಡಲ ದಂಡೆಯಲ್ಲಿ ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ತೋಟದ ಮುಳ್ಳೊಂದನ್ನು ಚುಚ್ಚಿಟ್ಟರು. ಮರುದಿನ ನೋಡಿದರೆ ಅಲೆದಾಡುವ ಕೋಶಗಳು ಆ ಮುಳ್ಳನ್ನು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ಸುತ್ತುವರಿದು ನುಂಗುವ ಕೋಶಗಳು ಪ್ರಾಣಿಗಳ ಮೈಯಲ್ಲಿವೆ ಎಂದು ಅವರು ವಾದಿಸಿದರು. ರೋಗ ತಡೆಯುವ ಶಕ್ತಿಯೆಲ್ಲ ರಕ್ತದ ದ್ರವದಲ್ಲಿದೆ ಎಂದು ನಂಬಿದ್ದ ಜರ್ಮನ್ ವಿಜ್ಞಾನಿಗಳು ಬಹುಕಾಲ ಅದನ್ನು ಒಪ್ಪಲಿಲ್ಲ. 1908ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಮೆಚ್ನಿಕಾಫ್ ಮತ್ತು ಪಾಲ್ ಎರ್ಲಿಕ್ ಇಬ್ಬರಿಗೂ ಹಂಚಿದ್ದು ಎರಡೂ ಪಕ್ಷಗಳಲ್ಲಿ ಸತ್ಯವಿತ್ತೆಂಬುದಕ್ಕೆ ಸಾಕ್ಷಿ. ನುಂಗುವ ಕೋಶಗಳಲ್ಲಿ ದೊಡ್ಡವಕ್ಕೆ ಮ್ಯಾಕ್ರೊಫೇಜ್ ಎಂಬ ಹೆಸರು ಬಂತು.

ಮ್ಯಾಕ್ರೊಫೇಜ್ ಇಲ್ಲದ ಅಂಗವೇ ನಮ್ಮಲ್ಲಿಲ್ಲ ಎನ್ನಬಹುದು. ಶ್ವಾಸಕೋಶದ ಗಾಳಿಚೀಲಗಳಲ್ಲಿ ಕುಳಿತು ಉಸಿರಿನೊಂದಿಗೆ ಬಂದ ದೂಳನ್ನು ನುಂಗುತ್ತವೆ. ಯಕೃತ್ತಿನಲ್ಲಿ ಕರುಳಿನಿಂದ ಬರುವ ರಕ್ತವನ್ನು ಸೋಸುತ್ತವೆ. ಮಿದುಳಿನಲ್ಲಿ, ಬೆಳೆಯುವ ಮಗುವಿಗೆ ಬೇಡವಾದ ನರಸಂಧಿಗಳನ್ನು ತೆಗೆದುಹಾಕುತ್ತವೆ. ಗಾಯವಾದಾಗ ಮೊದಲು ಸತ್ತ ಮಾಂಸವನ್ನು ತಿಂದು ಹಸನು ಮಾಡಿ, ಆಮೇಲೆ ಹೊಸ ರಕ್ತನಾಳ, ಹೊಸ ಚರ್ಮ ಬೆಳೆಯಲು ಬೇಕಾದ ರಾಸಾಯನಿಕಗಳನ್ನು ಸುರಿಸುತ್ತವೆ. ಇವೆಲ್ಲ ರಕ್ತದ ಮಾನೊಸೈಟ್‌ಗಳಿಂದ ಹುಟ್ಟುತ್ತವೆ ಎಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಮಿದುಳಿನ ಮ್ಯಾಕ್ರೊಫೇಜ್‌ಗಳು ತಾಯಿಯ ಹೊಟ್ಟೆಯಲ್ಲಿ ಪಿಂಡ ಬೆಳೆಯುವ ಮೊದಮೊದಲ ದಿನಗಳಲ್ಲೇ ಭಂಡಾರಚೀಲದಿಂದ ಬಂದು ನೆಲೆಸುತ್ತವೆ ಎಂದು 2010ರಲ್ಲಿ ಇಲಿಗಳಲ್ಲಿ ನಡೆದ ಅಧ್ಯಯನ ತೋರಿಸಿದ ಮೇಲೆ ಆ ಮಾತನ್ನು ತಿದ್ದಬೇಕಾಯಿತು. ಯಕೃತ್ತು, ಶ್ವಾಸಕೋಶಗಳಲ್ಲಿಯೂ ಹೆಚ್ಚಿನವು ಹುಟ್ಟಿಗೆ ಮೊದಲೇ ಬಂದು, ತಾವಿದ್ದಲ್ಲಿಯೇ ಸಂಖ್ಯೆ ಕಾಪಾಡಿಕೊಳ್ಳುತ್ತವೆ.

ಇವುಗಳ ದಿನನಿತ್ಯದ ದೊಡ್ಡ ಕೆಲಸಕ್ಕೂ ರೋಗಕ್ಕೂ ಸಂಬಂಧವಿಲ್ಲ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹಳೆಯ ಕಣಗಳನ್ನು ಗುಲ್ಮ ಮತ್ತು ಯಕೃತ್ತಿನ ಮ್ಯಾಕ್ರೊಫೇಜ್‌ಗಳು ನುಂಗಿ, ಒಳಗಿನ ಕಬ್ಬಿಣವನ್ನು ಬಿಡಿಸಿ ರಕ್ತಕ್ಕೆ ಮರಳಿಸುತ್ತವೆ. ಹೀಗೆ ಮರಳುವ ಕಬ್ಬಿಣ ದಿನಕ್ಕೆ 20ರಿಂದ 25 ಮಿಲಿಗ್ರಾಂ. ಊಟದಿಂದ ನಾವು ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಅಷ್ಟೇ. ನಮ್ಮ ರಕ್ತ ಕೆಂಪಗಿರುವುದು ಬಹುಪಾಲು ಮ್ಯಾಕ್ರೊಫೇಜ್‌ಗಳ ದುಡಿಮೆಯಿಂದ.

ಸೋಂಕು ಬಂದಾಗ ಈ ಕೆಲಸ ತಲೆಕೆಳಗಾಗುತ್ತದೆ. ರೋಗಾಣುಗಳಿಗೂ ಕಬ್ಬಿಣ ಬೇಕು. ಅದು ಅವಕ್ಕೆ ಸಿಗದಿರಲೆಂದು ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಮ್ಯಾಕ್ರೊಫೇಜ್‌ನಿಂದ ಕಬ್ಬಿಣ ಹೊರಬರುವ ಬಾಗಿಲು ಮುಚ್ಚುತ್ತದೆ. ಹಗೇವಿನಲ್ಲಿ ಜೋಳ ತುಂಬಿದ್ದೂ ಮೇಲೆ ಮಣ್ಣು ಮುಚ್ಚಿ ಮನೆಯವರು ಉಪವಾಸ ಬಿದ್ದ ಹಾಗೆ, ಮೈಯಲ್ಲಿ ಕಬ್ಬಿಣವಿದ್ದರೂ ಎಲುಬಿನ ಮಜ್ಜೆಗೆ ರಕ್ತ ಕಟ್ಟಲು ಸಿಗುವುದಿಲ್ಲ. ತಿಂಗಳುಗಟ್ಟಲೆ ಜ್ವರವಿದ್ದವರ ಮುಖ ಬಿಳಚಿಕೊಳ್ಳುವುದು ಇದರಿಂದ. ಅಂಥವರಿಗೆ ಕಬ್ಬಿಣದ ಗುಳಿಗೆಯನ್ನಷ್ಟೇ ಕೊಟ್ಟು ಕಳಿಸಿದರೆ ಫಲ ಸಿಗದು. ಒಳಗಿನ ರೋಗವನ್ನು ಹುಡುಕಬೇಕು. ಗರ್ಭಿಣಿಯರ ರಕ್ತಹೀನತೆ ಬೇರೆ ಬಗೆಯದು, ಅಲ್ಲಿ ಹೆಚ್ಚಾಗಿ ಕಬ್ಬಿಣವೇ ಕಡಿಮೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದೊಂದಿಗೆ 2021ರಲ್ಲಿ ಆರಂಭಿಸಿದ ರ‍್ಯಾಪಿಡ್‌ಐರನ್ ಅಧ್ಯಯನ ಕರ್ನಾಟಕ ಮತ್ತು ರಾಜಸ್ಥಾನದ ಗರ್ಭಿಣಿಯರಲ್ಲಿ ಗುಳಿಗೆಯ ಕಬ್ಬಿಣವನ್ನೂ ರಕ್ತನಾಳದ ಮೂಲಕ ಒಂದೇ ಬಾರಿಗೆ ಕೊಡುವ ಕಬ್ಬಿಣವನ್ನೂ ಹೋಲಿಸಿ ನೋಡಿತು. ಹಾಗೆ ಏರಿಸಿದ ಕಬ್ಬಿಣವೂ ಮೊದಲು ಹೋಗುವುದು ಯಕೃತ್ತು, ಗುಲ್ಮಗಳ ಮ್ಯಾಕ್ರೊಫೇಜ್‌ಗಳಿಗೆ. ಅವು ಸಕ್ಕರೆಯ ಹೊದಿಕೆಯನ್ನು ಕರಗಿಸಿ ಕಬ್ಬಿಣವನ್ನು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತವೆ.

ಈಗ ಕುಷ್ಠಕ್ಕೆ ಬರೋಣ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಗುರುತಿಸಿದ ಈ ಬ್ಯಾಕ್ಟೀರಿಯಾ ಎರಡಾಗಲು ಎರಡು ವಾರದಷ್ಟು ಕಾಲ ತೆಗೆದುಕೊಳ್ಳುತ್ತದೆ. ಪ್ರಯೋಗಾಲಯದ ಬಟ್ಟಲಿನಲ್ಲಿ ಇದನ್ನು ಬೆಳೆಸಲು ಇಂದಿಗೂ ಆಗಿಲ್ಲ. ಸೋಂಕು ತಗುಲಿ ಮಚ್ಚೆ ಕಾಣುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಇದರ ಒಂದು ಗುಣ ವೈದ್ಯವಿಜ್ಞಾನಕ್ಕೆ ದೊಡ್ಡ ಪಾಠ ಕಲಿಸಿತು: ಬ್ಯಾಕ್ಟೀರಿಯಾ ಒಂದೇ, ಆದರೆ ಇಬ್ಬರು ರೋಗಿಗಳಲ್ಲಿ ಅದು ಎರಡು ಬೇರೆ ರೋಗ. ಒಬ್ಬನಿಗೆ ಸ್ಪರ್ಶವಿಲ್ಲದ ಒಂದೆರಡು ಮಚ್ಚೆ. ಅದರ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಸಿಗುವುದೇ ಕಷ್ಟ. ಇನ್ನೊಬ್ಬನಿಗೆ ಮುಖ, ಕಿವಿಯ ಹಾಲೆಗಳಲ್ಲಿ ಗಂಟು. ಅವನ ಮ್ಯಾಕ್ರೊಫೇಜ್‌ಗಳು ಕೊಬ್ಬು ತುಂಬಿ ನೊರೆಯಂತಾಗಿ, ಒಳಗೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಮೊದಲನೆಯವನಲ್ಲಿ ಟಿ ಕೋಶ ಎಂಬ ರಕ್ಷಣಾ ಕೋಶಗಳು ಮ್ಯಾಕ್ರೊಫೇಜ್‌ಗೆ ಸರಿಯಾದ ಸಂಕೇತ ಕೊಟ್ಟಿವೆ. ಅದು ನುಂಗಿದ್ದನ್ನು ಕೊಂದಿದೆ. ಎರಡನೆಯವನಲ್ಲಿ ಆ ಸಂಕೇತ ಬಂದಿಲ್ಲ. ಅದು ನುಂಗಿದೆ, ಕೊಂದಿಲ್ಲ.

ಕೈಬೆರಳು ಮುದುಡುವುದು, ಪಾದ ಮರಗಟ್ಟುವುದು ಬ್ಯಾಕ್ಟೀರಿಯಾ ನರವನ್ನು ಕಡಿಯುವುದರಿಂದ ಎಂದು ಬಹಳ ಕಾಲ ನಂಬಿದ್ದರು. ಬರೋಡಾದಲ್ಲಿ ಹುಟ್ಟಿ, ಅಲ್ಲಿಯೇ ವೈದ್ಯ ಪದವಿ ಓದಿದ ಲಲಿತಾ ರಾಮಕೃಷ್ಣನ್ ಅವರಿದ್ದ ತಂಡ 2017ರಲ್ಲಿ ಜೀಬ್ರಾಮೀನಿನ ಪಾರದರ್ಶಕ ಮರಿಗಳಲ್ಲಿ ಬೇರೊಂದನ್ನು ಕಂಡಿತು. ಕುಷ್ಠದ ಬ್ಯಾಕ್ಟೀರಿಯಾದ ಹೊರಪದರದ ಒಂದು ಕೊಬ್ಬಿನ ವಸ್ತುವಿಗೆ ಪ್ರತಿಕ್ರಿಯಿಸಿದ ಮ್ಯಾಕ್ರೊಫೇಜ್‌ಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಪಕ್ಕದ ನರದ ಹೊದಿಕೆ ಹಾಳಾಗುವುದು ಅದರಿಂದ. ರಕ್ಷಣೆಗೆ ನಿಂತ ಕೋಶವೇ ಗಾಯವನ್ನೂ ಮಾಡುತ್ತಿತ್ತು.

ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೊಫಾಜಿಮೈನ್ ಸೇರಿದ ಬಹುಔಷಧ ಚಿಕಿತ್ಸೆ 1980ರ ದಶಕದಲ್ಲಿ ಬಂದ ಮೇಲೆ ಕುಷ್ಠ ಗುಣವಾಗುವ ರೋಗ. ಮಚ್ಚೆ ಕಡಿಮೆ ಇದ್ದರೆ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು. ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಚಿಕಿತ್ಸೆ ಶುರುವಾದ ಸ್ವಲ್ಪ ದಿನಗಳಲ್ಲೇ ರೋಗಿಯಿಂದ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ಹೊರಗೆ ಹಾಕಲು ಈಗ ಯಾವ ನೆಪವೂ ಉಳಿದಿಲ್ಲ.

ಕ್ಷಯದ ಕಥೆ ಇನ್ನೂ ಜಟಿಲ. ಕೆಮ್ಮಿನ ಹನಿಯೊಂದಿಗೆ ಶ್ವಾಸಕೋಶಕ್ಕೆ ಹೋದ ಬ್ಯಾಕ್ಟೀರಿಯಾವನ್ನು ಅಲ್ಲಿನ ಮ್ಯಾಕ್ರೊಫೇಜ್ ನುಂಗಿ ಒಂದು ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಆ ಚೀಲಕ್ಕೆ ಆಮ್ಲ, ಕಿಣ್ವಗಳಿರುವ ಇನ್ನೊಂದು ಚೀಲ ಬಂದು ಕೂಡಿಕೊಂಡರೆ ಒಳಗಿದ್ದದ್ದು ಜೀರ್ಣವಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಆ ಕೂಡಿಕೆಯನ್ನೇ ತಡೆಯುತ್ತದೆ. ಆಗ ಇನ್ನಷ್ಟು ಮ್ಯಾಕ್ರೊಫೇಜ್‌ಗಳು ಬಂದು ಸುತ್ತಲೂ ಒತ್ತೊತ್ತಾಗಿ ನಿಂತು ಗಂಟು ಕಟ್ಟುತ್ತವೆ. ಬಹುಪಾಲು ಜನರಲ್ಲಿ ಬ್ಯಾಕ್ಟೀರಿಯಾ ಆ ಗಂಟಿನೊಳಗೇ ಜೀವಮಾನವೆಲ್ಲ ಉಳಿದುಬಿಡುತ್ತದೆ. ಜಗತ್ತಿನ ಸುಮಾರು ಕಾಲು ಭಾಗ ಜನರಿಗೆ ಕ್ಷಯದ ಸೋಂಕು ತಗುಲಿದೆ, ಅವರಲ್ಲಿ ಕಾಯಿಲೆ ಬೀಳುವವರು ನೂರಕ್ಕೆ ಐದರಿಂದ ಹತ್ತು ಮಂದಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗಂಟು ಸಡಿಲವಾಗುವುದು ಸಕ್ಕರೆ ಕಾಯಿಲೆ, ಅಪೌಷ್ಟಿಕತೆ, ಬೀಡಿ-ಸಿಗರೇಟು, ಎಚ್‌ಐವಿಗಳಿಂದ. ಮಂಡಿನೋವಿಗೆಂದು ತಿಂಗಳುಗಟ್ಟಲೆ ನುಂಗಿದ ಸ್ಟಿರಾಯ್ಡ್‌ನಿಂದಲೂ ಹೌದು. ಸಂಧಿವಾತಕ್ಕೆ ಕೊಡುವ, ಟಿಎನ್‌ಎಫ್ ಎಂಬ ರಾಸಾಯನಿಕವನ್ನು ತಡೆಯುವ ಔಷಧ ಪಡೆದವರಲ್ಲಿ ಮಲಗಿದ್ದ ಕ್ಷಯ ಎದ್ದಿತು ಎಂದು 2001ರಲ್ಲಿ ವರದಿಯಾಯಿತು. ಮ್ಯಾಕ್ರೊಫೇಜ್‌ಗಳನ್ನು ಆ ಗಂಟಿನಲ್ಲಿ ಹಿಡಿದಿಡುವುದು ಟಿಎನ್‌ಎಫ್ ಎಂಬುದು ಮನುಷ್ಯರಲ್ಲಿಯೂ ಹೀಗೆ ಖಚಿತವಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನೆನೆಯಬೇಕಾದದ್ದು. ಮ್ಯಾಕ್ರೊಫೇಜ್‌ನೊಳಗಿನ ತುಸು ಹುಳಿಯಾದ ವಾತಾವರಣದಲ್ಲಿ ಕ್ಷಯದ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಔಷಧಕ್ಕೆ ಜಗ್ಗದ ಸ್ಥಿತಿಗೆ ಹೋಗುತ್ತವೆ ಎಂದು ಅವರು ತೋರಿಸಿದರು. ಮಲೇರಿಯಾಕ್ಕೆ ಕೊಡುವ ಹಳೆಯ ಕ್ಲೋರೋಕ್ವಿನ್ ಆ ಹುಳಿಯನ್ನು ತಗ್ಗಿಸುತ್ತದೆ. ಕ್ಷಯದ ಔಷಧದೊಂದಿಗೆ ಅದನ್ನೂ ಕೊಟ್ಟಾಗ ಇಲಿ ಮತ್ತು ಗಿನಿಯಿಲಿಗಳಲ್ಲಿ ರೋಗ ಬೇಗ ತಗ್ಗಿತು. ಇದು ಪ್ರಾಣಿಗಳಲ್ಲಿ ಕಂಡ ಫಲ. ಕ್ಲೋರೋಕ್ವಿನ್ ಕೊಂಡು ನುಂಗಲು ಇದನ್ನು ಕಾರಣ ಮಾಡಿಕೊಳ್ಳಬಾರದು. ಗುಳಿಗೆ ಶುರುವಾದ ತಿಂಗಳಲ್ಲೇ ಕೆಮ್ಮು ನಿಂತು ಹಸಿವು ಮರಳಿದರೂ ಕ್ಷಯಕ್ಕೆ 6 ತಿಂಗಳು ಏಕೆ ಬೇಕು ಎಂಬುದಕ್ಕೆ ಮಾತ್ರ ಇದು ಒಳ್ಳೆಯ ಉತ್ತರ. ಬಯಲಲ್ಲಿದ್ದ ಬ್ಯಾಕ್ಟೀರಿಯಾ ಸತ್ತಿವೆ, ಕೋಶದೊಳಗಿನವು ಉಳಿದಿವೆ. ಚಿಕಿತ್ಸೆ ಪಡೆಯುವವರ ಆಹಾರಕ್ಕೆಂದು ಸರ್ಕಾರ 2018ರಿಂದ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿ 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಕೇಳಿ ಪಡೆಯಬೇಕಾದ ಹಕ್ಕು ಅದು.

ಬ್ರುಸೆಲ್ಲಾ ಬಗ್ಗೆ ಇಷ್ಟು ಮಾತು ಎಲ್ಲೂ ಕೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳು ಮೊದಲು ತಿಳಿಯಬೇಕಾದದ್ದು ಅದನ್ನೇ. ರಾಮದುರ್ಗ, ಸವದತ್ತಿಯ ಎರೆಹೊಲಗಳಲ್ಲಿ ಕುರಿಹಿಂಡು ತರುಬಿಸಿ ಗೊಬ್ಬರ ಮಾಡಿಕೊಳ್ಳುವುದು ಹಳೆಯ ರೂಢಿ. ಹಿಂಡಿನೊಡನೆ ಹೆಂಗಸರು, ಮಕ್ಕಳು ಇರುತ್ತಾರೆ. ಆಡು ಈದರೆ ಬರಿಗೈಯಲ್ಲೇ ಮರಿ ಎಳೆದುಕೊಳ್ಳುತ್ತಾರೆ. ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿದರೆ ಮನೆಯವರೇ ಕಸ ಎತ್ತಿ ತಿಪ್ಪೆಗೆ ಎಸೆಯುತ್ತಾರೆ. ಕಂದು ಹಾಕಿದ ಪ್ರಾಣಿಯ ಆ ಕಸದಲ್ಲಿ, ಸೋರುವ ನೀರಿನಲ್ಲಿ ಬ್ರುಸೆಲ್ಲಾ ಅಪಾರವಾಗಿರುತ್ತದೆ. ಕೈಯ ಗೀರುಗಾಯದ ಮೂಲಕ, ಕಣ್ಣಿನ ಮೂಲಕ, ಉಸಿರಿನ ಮೂಲಕ ಮನುಷ್ಯನನ್ನು ಹೊಗುತ್ತದೆ. ಇನ್ನೊಂದು ದಾರಿ ಹಸಿ ಹಾಲು. ಕೆಚ್ಚಲಿನಿಂದ ಕರೆದ ನೊರೆಹಾಲು ಕುಡಿದರೆ ಮೈಗೆ ಹತ್ತುತ್ತದೆ ಎಂದು ಮಕ್ಕಳಿಗೆ ಕುಡಿಸುವ ಪ್ರೀತಿಯೇ ಅವರನ್ನು ಹಾಸಿಗೆ ಹಿಡಿಸಬಹುದು.

ಒಳಹೊಕ್ಕ ಬ್ರುಸೆಲ್ಲಾವನ್ನು ಮ್ಯಾಕ್ರೊಫೇಜ್ ನುಂಗುತ್ತದೆ. ಬಹಳಷ್ಟು ಸಾಯುತ್ತವೆ. ಉಳಿದವು ತಮ್ಮ ಚೀಲವನ್ನು ಕೋಶದೊಳಗೆ ಪ್ರೋಟೀನ್ ತಯಾರಾಗುವ ಜಾಲದ ಬಳಿಗೆ ಸಾಗಿಸಿಕೊಂಡು ಅಲ್ಲಿ ಮರಿ ಹಾಕುತ್ತವೆ. ಇವುಗಳ ಹೊರಪದರ ಬೇರೆ ಬ್ಯಾಕ್ಟೀರಿಯಾಗಳದ್ದರಂತೆ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುವುದಿಲ್ಲವಾದ್ದರಿಂದ ರೋಗ ಸದ್ದಿಲ್ಲದೆ ಬೆಳೆಯುತ್ತದೆ. ಮ್ಯಾಕ್ರೊಫೇಜ್‌ಗಳು ಹೆಚ್ಚಿರುವ ಗುಲ್ಮ, ಯಕೃತ್ತು, ಎಲುಬಿನ ಮಜ್ಜೆಗೆ ಅದು ಹರಡುತ್ತದೆ. ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಇದನ್ನು ಕಂಡು 1887ರಲ್ಲಿ ವರದಿ ಮಾಡಿದ್ದು ಆಕಸ್ಮಿಕವಲ್ಲ. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೊಕ್ಲೀಸ್ ಝಮ್ಮಿಟ್ ಆ ಜ್ವರದ ಮೂಲ ಆಡಿನಲ್ಲಿದೆ ಎಂದು ಕಂಡುಹಿಡಿದರು. ಮರುವರ್ಷ ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದ್ದೇ ಅವರಲ್ಲಿ ರೋಗ ಥಟ್ಟನೆ ಇಳಿಯಿತು.

ಈ ರೋಗವನ್ನು ನಮ್ಮ ಕಡೆ ಕಾಣಿಸಿಕೊಟ್ಟವರು ಸೂಕ್ಷ್ಮಜೀವಿ ವಿಜ್ಞಾನಿ ಡಾ. ಬಸಪ್ಪ ಮಂಟೂರ ಮತ್ತು ಅವರ ಸಹೋದ್ಯೋಗಿಗಳು. ವಿಜಯಪುರದ ಬಿಎಲ್‌ಡಿಇ ಸಂಸ್ಥೆಯ ವೈದ್ಯಕೀಯ ಕಾಲೇಜಿನಲ್ಲಿ ಅವರು ಜ್ವರದ ರೋಗಿಗಳ ರಕ್ತವನ್ನು ವರ್ಷಗಟ್ಟಲೆ ಬ್ರುಸೆಲ್ಲಾಕ್ಕಾಗಿ ಪರೀಕ್ಷಿಸುತ್ತ ಹೋದರು. 2004ರಲ್ಲಿ 93 ಮಕ್ಕಳ, 2006ರಲ್ಲಿ 16 ವರ್ಷಗಳಲ್ಲಿ ಸಿಕ್ಕ 495 ವಯಸ್ಕರ ವಿವರಗಳನ್ನು ಪ್ರಕಟಿಸಿದರು. ಹಸಿ ಹಾಲು ಕುಡಿದವರು, ದನ-ಕುರಿಗಳ ನಡುವೆ ಬದುಕುವವರು ಅವರಲ್ಲಿ ಎದ್ದು ಕಾಣುತ್ತಿದ್ದರು. ಇದೇ ಮಣ್ಣಿನ, ಇದೇ ಕಸುಬಿನ ನೆರೆಯ ಜಿಲ್ಲೆ ವಿಜಯಪುರ. ಹುಡುಕಿದವರಿಗೆ ಅಲ್ಲಿ ಸಿಕ್ಕಿತು. ಹುಡುಕದ ಊರಿನಲ್ಲಿ ರೋಗವಿಲ್ಲ ಎಂದುಕೊಳ್ಳಲು ಆಧಾರವಿಲ್ಲ.

ಬ್ರುಸೆಲ್ಲಾ ಜ್ವರ ಏರಿಳಿಯುತ್ತದೆ. ಸಂಜೆ ಬಂದು, ರಾತ್ರಿ ಬೆವರಿ, ಬೆಳಗ್ಗೆ ಬಿಡುತ್ತದೆ. ಕೆಲವು ದಿನ ಇಲ್ಲವೇ ಇಲ್ಲ, ಮತ್ತೆ ಬರುತ್ತದೆ. ಸೊಂಟ, ಕೀಲುಗಳಲ್ಲಿ ನೋವು. ಗಂಡಸರಲ್ಲಿ ವೃಷಣ ಬಾವು ಬರಬಹುದು, ಗರ್ಭಿಣಿಯರಲ್ಲಿ ಗರ್ಭಪಾತವಾಗಬಹುದು. ಬೆನ್ನುಮೂಳೆಗೆ ಇಳಿದರೆ ಎಕ್ಸ್‌ರೇಯಲ್ಲಿ ಅದು ಕ್ಷಯದಂತೆಯೇ ಕಾಣಬಹುದು. ಟೈಫಾಯ್ಡ್ ಎಂದು ಒಂದು ವಾರ, ಮಲೇರಿಯಾ ಎಂದು ಇನ್ನೊಂದು ವಾರ ಔಷಧ ಕೊಡಿಸಿಕೊಂಡು ಹಣ ಕಳೆದುಕೊಂಡವರ ಮನೆಯಲ್ಲಿ ಆಡು-ಎಮ್ಮೆ ಇವೆಯೇ ಎಂದು ಕೇಳುವುದು ವೈದ್ಯರಿಗೆ ಕಷ್ಟದ ಕೆಲಸವೇನಲ್ಲ. ರೋಸ್ ಬೆಂಗಾಲ್ ಎಂಬ ಸರಳ ರಕ್ತಪರೀಕ್ಷೆಯಿಂದ ಮೊದಲ ಸುಳಿವು ಸಿಗುತ್ತದೆ. ರೋಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಜತೆ ರಿಫಾಂಪಿಸಿನ್ 6 ವಾರ, ಇಲ್ಲವೇ ಡಾಕ್ಸಿಸೈಕ್ಲಿನ್ ಜತೆ ಎರಡು-ಮೂರು ವಾರ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು. ಒಂದೇ ಔಷಧ ಸಾಲದು, ಹತ್ತು ದಿನವೂ ಸಾಲದು. ಮ್ಯಾಕ್ರೊಫೇಜ್‌ನೊಳಗೆ ಉಳಿದವು ಮತ್ತೆ ಎದ್ದುಬರುತ್ತವೆ.

ಮನುಷ್ಯರಿಗೆ ಬ್ರುಸೆಲ್ಲಾ ಲಸಿಕೆ ಇಲ್ಲ. ಪ್ರಾಣಿಗಳಲ್ಲೇ ತಡೆಯಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಜತೆ ಇದೂ ಸೇರಿದೆ. 4ರಿಂದ 8 ತಿಂಗಳ ಎಮ್ಮೆ, ಆಕಳ ಹೆಣ್ಣುಗರುಗಳಿಗೆ ಜೀವಮಾನದಲ್ಲಿ ಒಮ್ಮೆ ಉಚಿತ ಲಸಿಕೆ. ಆದರೆ ಮನುಷ್ಯರನ್ನು ಅತಿ ಹೆಚ್ಚು ಕಾಡುವ ಬ್ರುಸೆಲ್ಲಾ ಮೆಲಿಟೆನ್ಸಿಸ್‌ನ ಮುಖ್ಯ ನೆಲೆ ಆಡು, ಕುರಿ. ಬ್ರುಸೆಲ್ಲಾ ಲಸಿಕೆಯ ಈ ಯೋಜನೆ ಅವನ್ನು ಒಳಗೊಂಡಿಲ್ಲ. ಊರಿಂದೂರಿಗೆ ಹೋಗುವ ಕುರಿಗಾರರ ಮಕ್ಕಳನ್ನು ಇದು ಹೊರಗೆ ಬಿಟ್ಟಂತೆ. ಈ ಕೊರತೆಯನ್ನು ಜಿಲ್ಲೆಯ ಪಶುಪಾಲನಾ ಇಲಾಖೆ, ಆರೋಗ್ಯ ಇಲಾಖೆ ಒಟ್ಟಿಗೆ ಕುಳಿತು ತುಂಬಬೇಕು.

ಮ್ಯಾಕ್ರೊಫೇಜ್ ಸೋಲುವ ಜಾಗಗಳು ಇನ್ನೂ ಇವೆ. ಕಲ್ಲು ಒಡೆಯುವವರ, ಕ್ರಷರ್‌ಗಳಲ್ಲಿ ದುಡಿಯುವವರ ಶ್ವಾಸಕೋಶದಲ್ಲಿ ಸಿಲಿಕಾ ದೂಳನ್ನು ನುಂಗಿದ ಮ್ಯಾಕ್ರೊಫೇಜ್ ತಾನೇ ಸಾಯುತ್ತದೆ. ದೂಳು ಹೊರಬಿದ್ದು ಇನ್ನೊಂದನ್ನು ಕೊಲ್ಲುತ್ತದೆ, ಜಾಗ ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ. ಅಂಥವರಿಗೆ ಕ್ಷಯ ಬೇಗ ಅಂಟುತ್ತದೆ. ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಲೆಸ್ಟರಾಲ್ ತಿಂದು ನೊರೆಯಾದ ಮ್ಯಾಕ್ರೊಫೇಜ್‌ಗಳಿಂದ ಅಡ್ಡಿ ಬೆಳೆಯುತ್ತದೆ. ಬೊಜ್ಜಿನಲ್ಲಿ ಸೇರಿಕೊಂಡವು ಬಿಡುವ ರಾಸಾಯನಿಕಗಳು ಇನ್ಸುಲಿನ್ ಕೆಲಸ ಮಾಡದಂತೆ ತಡೆಯುತ್ತವೆ. ಕ್ಯಾನ್ಸರ್ ಗಡ್ಡೆಗಳು ಇವುಗಳ ಗಾಯ ಮಾಯಿಸುವ ಗುಣವನ್ನೇ ಬಳಸಿಕೊಂಡು ತಮಗೆ ರಕ್ತನಾಳ ಕಟ್ಟಿಸಿಕೊಳ್ಳುತ್ತವೆ.

ಆದ್ದರಿಂದ 'ರೋಗನಿರೋಧಕ ಶಕ್ತಿ ಹೆಚ್ಚಿಸುವ' ಪುಡಿ, ಪಾನಕಗಳ ಜಾಹೀರಾತು ನೋಡಿದಾಗ ನನಗೆ ಬೇಸರವಾಗುತ್ತದೆ. ಈ ಕೋಶವನ್ನು ಸುಮ್ಮನೆ ಕೆರಳಿಸುವುದು ಆರೋಗ್ಯವಲ್ಲ. ಕೋವಿಡ್ ತೀವ್ರವಾದವರ ಶ್ವಾಸಕೋಶವನ್ನು ಹಾಳುಮಾಡಿದ್ದರಲ್ಲಿ ಕೆರಳಿದ ಮ್ಯಾಕ್ರೊಫೇಜ್‌ಗಳ ಪಾಲು ದೊಡ್ಡದು. 2020ರಲ್ಲಿ ಆಮ್ಲಜನಕ ಬೇಕಾದ ರೋಗಿಗಳ ಜೀವ ಉಳಿಸಿದ್ದು ಆ ಕೆರಳಿಕೆಯನ್ನು ತಣಿಸುವ ಡೆಕ್ಸಾಮೆಥಾಸೋನ್. ಬೇಕಾದಾಗ ಕೆರಳಿ ಸಾಕಾದಾಗ ತಣಿಯುವ ಕೋಶಕ್ಕೆ ಒಳ್ಳೆಯ ಊಟ, ಹೊಗೆಯಿಲ್ಲದ ಗಾಳಿ, ಹತೋಟಿಯಲ್ಲಿರುವ ಸಕ್ಕರೆ ಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಹಾಲು ಉಕ್ಕುವವರೆಗೆ ಕಾಯಿಸಿಯೇ ಕುಡಿಯಿರಿ, ಮಕ್ಕಳಿಗೆ ನೊರೆಹಾಲು ಬೇಡ. ಎಮ್ಮೆ, ಆಡು ಕಂದು ಹಾಕಿದರೆ ಕೈಗವಸು ಹಾಕಿಕೊಂಡು ಕಸವನ್ನು ಆಳವಾಗಿ ಹೂಳಿ, ಪಶುವೈದ್ಯರಿಗೆ ತಿಳಿಸಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ, ಸ್ಪರ್ಶವಿಲ್ಲದ ಮಚ್ಚೆಯನ್ನು ಆಶಾ ಕಾರ್ಯಕರ್ತೆಗೆ ತೋರಿಸಿ. ಬಿಡದ ಜ್ವರಕ್ಕೆ ದವಾಖಾನೆಗೆ ಹೋದಾಗ ಮನೆಯಲ್ಲಿ ದನ-ಕುರಿ ಇವೆ ಎಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಕೊಟ್ಟ ಗುಳಿಗೆಯನ್ನು, ಮೈ ಹಗುರಾದ ಮೇಲೂ, ಹೇಳಿದ ಕೊನೆಯ ದಿನದವರೆಗೆ ನುಂಗಿ.